ದಿವಂಗತರ ಗಡಿಯಾರ

ಮಾರ್ಚ್ ತಿಂಗಳ ಏಳನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಏಳು ಗಂಟೆಗೆ ಆ ಎರಡು ಕೋಣೆಯ ಮನೆಯಲ್ಲಿ ಮಾರಾಟವಾಗದೆ ಉಳಿದಿದ್ದ ಹಳೆಯ ವಸ್ತುಗಳು ಇನ್ನೂರ ಹದಿನೇಳು. ವಾಸವಾಗಿದ್ದ ಮನುಷ್ಯರು ಇಬ್ಬರು. ವಸ್ತುಗಳಲ್ಲಿ ಲಾಟೀನು ಮೂವತ್ತೊಂದು, ಹಿತ್ತಾಳೆಯ ಬೀಗ ಐವತ್ತೆರಡು, ಇದ್ದಿಲ ಇಸ್ತ್ರಿಪೆಟ್ಟಿಗೆ ಹತ್ತೊಂಬತ್ತು. ಉಳಿದವು ಏನೆಂದು ಮಾಲೀಕನಿಗೂ ಖಚಿತವಿರಲಿಲ್ಲ. ಮನುಷ್ಯರು ಗಂಡ ಹೆಂಡತಿ. ಅವರಿಗೆ ಮಲಗಲು ಉಳಿದ ಜಾಗ ಆರಡಿ ಉದ್ದ, ಮೂರೂವರೆ ಅಡಿ ಅಗಲವಿದ್ದುದರಿಂದ ಒಬ್ಬರು ಮಗ್ಗುಲು ಬದಲಿಸಬೇಕಾದರೆ ಇನ್ನೊಬ್ಬರನ್ನು ಎಬ್ಬಿಸಿ ತಿಳಿಸಬೇಕಾಗಿತ್ತು.

ಗಂಡನನ್ನು ಬೀದಿಯವರು ಹದ್ದಣ್ಣ ಎಂದು ಕರೆಯುತ್ತಿದ್ದರು. ಹದ್ದು ಎನ್ನುವುದು ಅವನ ಕಸುಬಿಗೆ, ಅಣ್ಣ ಎನ್ನುವುದು ಅವನ ವಯಸ್ಸಿಗೆ. ಹಳೆಯ ಮನೆಗಳಲ್ಲಿ ಮುದುಕರು ತೀರಿಕೊಂಡಾಗ ಅವರ ಪಾತ್ರೆ ಪೆಟ್ಟಿಗೆಗಳನ್ನು ಕೊಂಡು, ಫೋಟೋ ತೆಗೆದು, ಫೋನಿನಲ್ಲಿ ಹಳೆ ಸಾಮಾನು ಮಾರುವ ತಾಣವೊಂದರಲ್ಲಿ ಹಾಕಿ ಮಾರುವುದು ಅವನ ಉದ್ಯೋಗ. ಅವನು ಯಾರ ಮನೆಗಾದರೂ ಹೋಗಿ ಆರೋಗ್ಯ ವಿಚಾರಿಸಿದರೆ ಆ ಮನೆಯವರು ಮರುದಿನವೇ ವೈದ್ಯರಿಗೆ ತೋರಿಸಿಕೊಂಡು ಬರುತ್ತಿದ್ದರು.

ಈ ವ್ಯಾಪಾರದಲ್ಲಿ ಒಂದು ನಿಯಮವಿದೆ. ಬದುಕಿರುವವನ ವಸ್ತುವಿಗಿಂತ ಸತ್ತವನ ವಸ್ತುವಿಗೆ ಬೆಲೆ ಹೆಚ್ಚು. ಸತ್ತವನು ಅಂಥದ್ದೇ ಇನ್ನೊಂದನ್ನು ತಂದು ಮಾರಲಾರ. ಕೊಟ್ಟಿದ್ದನ್ನು ವಾಪಸು ಕೇಳಲೂ ಬರಲಾರ. ಆದ್ದರಿಂದ ಹದ್ದಣ್ಣನು ಪ್ರತಿ ವಸ್ತುವಿನ ವಿವರಣೆಯಲ್ಲಿಯೂ 'ದಿವಂಗತರ ಮನೆಯಿಂದ' ಎಂಬ ಎರಡು ಪದಗಳನ್ನು ತಪ್ಪದೆ ಸೇರಿಸುತ್ತಿದ್ದನು.

ತೊಂದರೆ ಆರಂಭವಾದದ್ದು ಆ ಎರಡು ಪದಗಳಿಂದಲೇ.

ದರ್ಜಿ ಬೀದಿಯ ಹನ್ನೊಂದನೆಯ ನಂಬರಿನ ಮನೆಯಲ್ಲಿ, ಆ ಬೀದಿಯ ಅರ್ಧದಷ್ಟು ಜನರಿಗೆ ಲೆಕ್ಕ ಕಲಿಸಿದ್ದ ನಿವೃತ್ತ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಅವರ ಮಂಚದ ಎದುರಿನ ಗೋಡೆಯಲ್ಲಿ ಮೂರಡಿ ಎತ್ತರದ ಲೋಲಕದ ಗಡಿಯಾರ. "ನಾನು ಸತ್ತ ಮೇಲೆ ಬಿಟ್ಟಿ ತಗೊಂಡು ಹೋಗೋ. ಅಲ್ಲೀ ತನಕ ಮುಟ್ಟಬೇಡ" ಎಂದು ಮೇಷ್ಟ್ರು ಹಿಂದಿನ ವರ್ಷವೇ ಹದ್ದಣ್ಣನಿಗೆ ಎಲ್ಲರೆದುರು ಹೇಳಿಬಿಟ್ಟಿದ್ದರು. ಶುಕ್ರವಾರ ವೈದ್ಯರು ಬಂದು ನೋಡಿ, ಹೊಸಿಲಾಚೆ ನಿಂತು, "ಇನ್ನೆರಡು ದಿನ" ಎಂದರು. ಹದ್ದಣ್ಣನು ಒಳಗೆ ಹೋಗಿ, ಮೇಷ್ಟ್ರ ಪಾದದ ಬಳಿ ನಿಂತು ಕಣ್ಣೊರೆಸಿಕೊಂಡು, ಗಡಿಯಾರದ ಫೋಟೋ ತೆಗೆದನು. ಎರಡು ದಿನ ಸುಮ್ಮನೆ ಹಾಳಾಗುವುದೇಕೆಂದು ಅಂದೇ ಸಂಜೆ ತಾಣದಲ್ಲಿ ಹಾಕಿದನು: 'ದಿವಂಗತರ ಮನೆಯಿಂದ, ಲೋಲಕದ ಗಡಿಯಾರ. ಬೆಲೆ ಹದಿನೆಂಟು ಸಾವಿರ.'

ಸೋಮವಾರ ರಾತ್ರಿ ಊಟದ ಹೊತ್ತಿಗೆ ಗಿರಾಕಿ ಸಿಕ್ಕಿದನು. ಅಡ್ಡಹೆಸರು 'ಶೇಷ ಸೊನ್ನೆ'. ವಿಳಾಸ ಗೋದಾಮು ಬೀದಿ, ನಂಬರು ನಲವತ್ತು, ಮಹಡಿಮೆಟ್ಟಿಲು. ಮಂಗಳವಾರ ಸಂಜೆ ಐದರೊಳಗೆ ತಲುಪಬೇಕು. ವಸ್ತು ನೋಡಿದ ಮೇಲೆ ಹಣ. ತಲುಪದಿದ್ದರೆ ದೂರು. ಹದ್ದಣ್ಣನ ಮೇಲೆ ಆಗಲೇ ಎರಡು ದೂರುಗಳಿದ್ದವು: ಒಮ್ಮೆ ಬೀಗಕ್ಕೆ ಕೀಲಿ ಇರಲಿಲ್ಲ, ಇನ್ನೊಮ್ಮೆ ಲಾಟೀನಿನೊಳಗೆ ನಾಲ್ಕು ಇಲಿಮರಿಗಳಿದ್ದವು. ಮೂರನೆಯ ದೂರಿಗೆ ತಾಣದವರು ಖಾತೆಯನ್ನು ಶಾಶ್ವತವಾಗಿ ಮುಚ್ಚುತ್ತಾರೆ. ಅನಂತರ ಆ ಇನ್ನೂರ ಹದಿನೇಳು ವಸ್ತುಗಳಿಗೂ ಹದ್ದಣ್ಣನಿಗೂ ಇರುವ ವ್ಯತ್ಯಾಸ, ವಸ್ತುಗಳಿಗೆ ಹಸಿವಾಗುವುದಿಲ್ಲ ಎಂಬುದೊಂದೇ.

ಮಂಗಳವಾರ ಎಂಟು ಗಂಟೆಗೆ, ಮುಖವನ್ನು ಸಮಯಕ್ಕೆ ತಕ್ಕಂತೆ ಸಿದ್ಧಪಡಿಸಿಕೊಂಡು ಅವನು ಹನ್ನೊಂದನೆಯ ನಂಬರಿನ ಬಾಗಿಲು ತಟ್ಟಿದನು. ಮೇಷ್ಟ್ರು ದಿಂಬಿಗೊರಗಿ ಕುಳಿತು ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದರು. ಆರೈಕೆಯ ನರ್ಸಮ್ಮ ಎರಡನೆಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ಬಾರೋ. ಯಾಕೋ ಮುಖ ಸಪ್ಪಗಿದೆ? ಯಾರಾದ್ರೂ ಹೋದ್ರಾ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ. ಯಾರೂ ಹೋಗಿಲ್ಲ" ಎಂದನು ಹದ್ದಣ್ಣ. ಆ ಮಾತಿನಲ್ಲಿದ್ದ ದುಃಖ ಮಾತ್ರ ನಿಜವಾದದ್ದು.

"ಜ್ವರ ನಿನ್ನೆ ಬೆಳಿಗ್ಗೆನೇ ಇಳೀತು. ಡಾಕ್ಟ್ರು ಇನ್ನೂ ಎರಡು ವರ್ಷ ಅಂದ್ರು" ಎಂದು ನರ್ಸಮ್ಮ ಸಂತೋಷದ ಸುದ್ದಿ ಕೊಟ್ಟಳು.

ಹದ್ದಣ್ಣನು ಕೈ ಹೊಸೆಯುತ್ತ, ಗಡಿಯಾರವನ್ನು ಈಗಲೇ ಕೊಂಡುಕೊಳ್ಳುವ ಆಸೆಯಿದೆ ಎಂದನು.

"ಸತ್ತ ಮೇಲೆ ಬಿಟ್ಟಿ. ಬದುಕಿದ್ದಾಗ ಹದಿನೈದು ಸಾವಿರ."

"ಮೇಷ್ಟ್ರೇ! ಹಳೇ ಶಿಷ್ಯ ನಾನು!"

"ನೆನಪಿದೆ. ನೂರಕ್ಕೆ ಮೂವತ್ತೊಂದು ತಗೊಂಡಿದ್ದೆ. ಹದಿನೈದು ಸಾವಿರ, ಕೈಗೆ ನಗದು, ಮಧ್ಯಾಹ್ನದೊಳಗೆ. ಆಮೇಲೆ ಮನಸ್ಸು ಬದಲಾಯಿಸಿಬಿಡ್ತೀನಿ."

ಹದ್ದಣ್ಣನು ಲೆಕ್ಕ ಹಾಕಿದನು. ಹದಿನೆಂಟು ಸಾವಿರದಲ್ಲಿ ತಾಣದವರ ದಲಾಲಿ ಹತ್ತರಲ್ಲಿ ಒಂದು ಭಾಗ ಕಳೆದರೆ ಹದಿನಾರು ಸಾವಿರದ ಇನ್ನೂರು. ಮೇಷ್ಟ್ರಿಗೆ ಕೊಟ್ಟು ಉಳಿಯುವುದು ಸಾವಿರದ ಇನ್ನೂರು. ನಾಲ್ಕು ದಿನದಿಂದ ಹಾಸಿಗೆ ಬಿಟ್ಟೇಳದ ಮುದುಕರಿಗೆ ಪೇಟೆಯ ಧಾರಣೆ ಇಷ್ಟು ಹತ್ತಿರದಿಂದ ಹೇಗೆ ಗೊತ್ತಾಯಿತು ಎಂದು ಯೋಚಿಸಲು ಅವನಿಗೆ ಪುರುಸೊತ್ತಿರಲಿಲ್ಲ.

ಮನೆಯಲ್ಲಿದ್ದ ಹಣ ನಾನ್ನೂರ ಹತ್ತು. ಮನೆಯಲ್ಲಿ ಬೆಲೆ ಬಾಳುವ ವಸ್ತು ಒಂದೇ. ಅದು ಅವನದಲ್ಲ, ಹೆಂಡತಿಯ ಹೊಲಿಗೆ ಯಂತ್ರ. ಅವಳು ಆಸ್ಪತ್ರೆಯ ಆಳುಗಳಿಗೆ ನಲವತ್ತು ಅಂಗಿ ಹೊಲಿಯಲು ಒಪ್ಪಿಕೊಂಡಿದ್ದಳು. ಹನ್ನೆರಡು ಮುಗಿದಿದ್ದವು. ಶನಿವಾರ ಉಳಿದವನ್ನು ಕೊಟ್ಟರೆ ಬಾಡಿಗೆ, ಇಲ್ಲವಾದರೆ ಇಲ್ಲ.

"ಸಂಜೆ ಏಳು ಗಂಟೆ ತನಕ ಅಷ್ಟೇ ಕಣೇ" ಎಂದನು ಹದ್ದಣ್ಣ.

"ರೀ, ಹೋದ ಸಲ ಇಸ್ತ್ರಿಪೆಟ್ಟಿಗೆಗೆ ಅಂತ ನನ್ನ ಬಳೆ ತಗೊಂಡು ಹೋದ್ರಿ. ಇಸ್ತ್ರಿಪೆಟ್ಟಿಗೆ ಹತ್ತೊಂಬತ್ತು ಬಂತು. ಬಳೆ ಬಂತಾ?"

"ಇದು ಹಾಗಲ್ಲ. ಗಿರಾಕಿ ಕಾಯ್ತಾ ಕೂತಿದಾನೆ. ಗಡಿಯಾರ ಹೋಗದಿದ್ರೆ ನನ್ನ ಖಾತೆನೇ ಮುಚ್ಚಿಬಿಡ್ತಾರೆ."

ಅವಳು ಸೂಜಿಯ ಕೆಳಗಿದ್ದ ಅಂಗಿಯನ್ನು ಬಿಡಿಸಿ, ದಾರ ಕತ್ತರಿಸಿ, ಯಂತ್ರಕ್ಕೆ ಮುಸುಕು ಹಾಕಿದಳು. "ಏಳು ಅಂದ್ರೆ ಏಳು. ಏಳೂಕಾಲಿಗೆ ನೀವು ಬರದೇ ಇದ್ರೂ ಪರವಾಗಿಲ್ಲ, ಅದು ಬರಬೇಕು."

ಗುಜರಿ ಅಂಗಡಿಯವನು ಯಂತ್ರದ ಚಕ್ರವನ್ನು ಎರಡು ಬಾರಿ ತಿರುಗಿಸಿ, ಹದಿನೈದು ಸಾವಿರ ಎಣಿಸಿ ಕೊಟ್ಟನು. ಏಳು ಗಂಟೆಯೊಳಗೆ ಹದಿನಾರು ಸಾವಿರ ತಂದರೆ ಯಂತ್ರ ವಾಪಸು. ಹದ್ದಣ್ಣನ ಲಾಭ ಸಾವಿರದ ಇನ್ನೂರರಿಂದ ಇನ್ನೂರಕ್ಕೆ ಇಳಿಯಿತು. ಇನ್ನೂರೂ ಲಾಭವೇ ಎಂದು ಅವನು ಸಮಾಧಾನ ಮಾಡಿಕೊಂಡನು.

ಮೇಷ್ಟ್ರು ನೋಟುಗಳನ್ನು ಮೂರು ಬಾರಿ ಎಣಿಸಿ, ಗಡಿಯಾರಕ್ಕೆ ತಮ್ಮ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಬಾ ಎಂದರು. ನಾಲ್ಕೂವರೆಗೆ ನರ್ಸಮ್ಮ ಗಡಿಯಾರವನ್ನು ಮೊಳೆಯಿಂದ ಇಳಿಸಿ ಅವನ ತೋಳಿಗೆ ಕೊಟ್ಟಳು. ಕಟ್ಟಲು ರಟ್ಟಿನ ಪೆಟ್ಟಿಗೆ ಕೊಂಡರೆ ಲಾಭ ಕರಗುತ್ತದೆಂದು ಅವನು ಅದನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಬೀದಿಗಿಳಿದನು. ಅದೇ ತಪ್ಪಾಯಿತು. ಕಾಲು ಎಡವಿದಾಗಲೆಲ್ಲ ಗಡಿಯಾರವು ಒಂದು ಸಲ 'ಢಣ್' ಎನ್ನುತ್ತಿತ್ತು. ಆ ಬೀದಿಯ ಕಲ್ಲುಹಾಸಿನಲ್ಲಿ ಹತ್ತು ಹೆಜ್ಜೆಗೊಂದು ಹಳ್ಳ.

ಮೇಷ್ಟ್ರು ಸತ್ತ ದಿನವೇ ಆ ಗಡಿಯಾರ ಮನೆಯಿಂದ ಹೊರಬರುವುದೆಂದು ಬೀದಿಗೆಲ್ಲ ತಿಳಿದಿತ್ತು. ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡದ ಮೇಲೆ ಕತ್ತಿ ನಿಲ್ಲಿಸಿ ಹೊರಗೆ ಓಡಿಬಂದನು.

"ಅಯ್ಯೋ ಹದ್ದಣ್ಣ! ಹೋದ್ರಾ ಮೇಷ್ಟ್ರು?"

"ಇಲ್ಲಪ್ಪ, ಚೆನ್ನಾಗಿದಾರೆ. ಬ್ರೆಡ್ಡು ತಿಂತಿದಾರೆ."

'ಢಣ್' ಎಂದಿತು ಗಡಿಯಾರ.

"ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಎಂದು ಕ್ಷೌರದಂಗಡಿಯವನು ಗಿರಾಕಿಯ ಕಡೆ ತಿರುಗಿದನು.

"ದುಃಖಾನೂ ಇಲ್ಲ ಏನೂ ಇಲ್ಲ," ಎಂದನು ಅರ್ಧ ಗಡ್ಡದವನು, ನೊರೆಯ ನಡುವಿನಿಂದ. "ಸತ್ತಿದ್ದು ಗೊತ್ತಾದ್ರೆ ನೆಂಟರು ಬಂದು ಪಾಲು ಕೇಳ್ತಾರೆ ಅಂತ ಮುಚ್ಚಿಡ್ತಿದಾನೆ."

ಐದು ನಿಮಿಷದಲ್ಲಿ ಏಳು ಅಂಗಡಿಗಳ ಬಾಗಿಲು ಮುಚ್ಚಿದವು. ಹೂವಿನವಳು ದೊಡ್ಡ ಹಾರವೊಂದನ್ನು ತಂದಳು. ಹದ್ದಣ್ಣನು ನಾಲ್ಕು ದಿಕ್ಕಿಗೂ ತಿರುಗಿ, "ಬದುಕಿದಾರೆ ಕಣ್ರೋ! ಹೋಗಿ ನೋಡ್ರೋ!" ಎಂದು ಕೂಗಿದನು, ತಿರುಗಿದಾಗಲೆಲ್ಲ ಗಡಿಯಾರ ಹೊಡೆಯಿತು. ಕೂಗಿದಷ್ಟೂ ಜನ ಹೆಚ್ಚು ಮರುಗಿದರು. ಅಂತ್ಯಕ್ರಿಯೆಯ ಖರ್ಚಿಗೆಂದು ಕ್ಷೌರದಂಗಡಿಯವನು ಟೋಪಿ ಹಿಡಿದು ಹಣ ಕೂಡಿಸತೊಡಗಿದನು.

"ಗಡಿಯಾರ ಬಿಟ್ಟಿ ಸಿಕ್ಕಿದೆ, ಐನೂರಾದ್ರೂ ಹಾಕಣ್ಣ."

"ಬದುಕಿರೋರಿಗೆ ಯಾಕಯ್ಯಾ ಅಂತ್ಯಕ್ರಿಯೆ?"

"ಹಾಕದೇ ಇದ್ರೆ ಗಡಿಯಾರ ಇಲ್ಲೇ ಇಡು. ನೆಂಟರು ಬರಲಿ, ತೀರ್ಮಾನ ಆಗ್ಲಿ."

ಕ್ಷೌರದಂಗಡಿಯ ಗೋಡೆಯಲ್ಲಿ ಸಮಯ ನಾಲ್ಕೂಮುಕ್ಕಾಲು. ಹದ್ದಣ್ಣನು ಜೇಬಿನಿಂದ ಇನ್ನೂರು ತೆಗೆದು ಟೋಪಿಗೆ ಹಾಕಿ ಬಿಡಿಸಿಕೊಂಡನು. ಲಾಭದಲ್ಲಿ ಉಳಿದದ್ದು ಏನೂ ಇಲ್ಲ. ಜನರು ಹಾರ ಹಿಡಿದು ಹನ್ನೊಂದನೆಯ ನಂಬರಿನ ಕಡೆಗೆ ನಡೆದರು. ಅವನು ಬೀದಿಯ ತುದಿಯನ್ನು ಸುತ್ತಿ, ಇಳಿಜಾರಿನ ಕೆಳಗಿನ ಗೋದಾಮು ಬೀದಿಗೆ ಓಡಿದನು. ಲಾಭ ಹೋದರೆ ಹೋಗಲಿ, ಖಾತೆ ಉಳಿಯುತ್ತದೆ, ಯಂತ್ರ ಮನೆಗೆ ಬರುತ್ತದೆ.

ನಲವತ್ತನೆಯ ನಂಬರು ಎರಡು ಗೋದಾಮುಗಳ ನಡುವಿನ ಕಿರುಬಾಗಿಲು. ಒಳಗೆ ಕತ್ತಲು ಮೆಟ್ಟಿಲು ಇಪ್ಪತ್ತೆರಡು. ಹದ್ದಣ್ಣನು ಏದುಸಿರು ಬಿಡುತ್ತ ಹತ್ತಿ, ಮೊಣಕೈಯಿಂದ ಕದ ತಟ್ಟಿದನು. ಕದ ತೆರೆದವಳು ನರ್ಸಮ್ಮ.

"ನೀವಿಲ್ಲಿ?" ಎಂದನು ಅವನು.

"ಬನ್ನಿ. ಕಾಯ್ತಿದಾರೆ."

ಅವಳ ಹಿಂದೆ ಒಂದು ಅಡುಗೆಮನೆ, ಒಂದು ನಡುಮನೆ, ಆರು ಮೆಟ್ಟಿಲು ಕೆಳಕ್ಕೆ, ಒಂದು ಬಾಗಿಲು. ಬಾಗಿಲು ದಾಟಿದೊಡನೆ ಎದುರಿನ ಗೋಡೆಯಲ್ಲಿ ಅವನಿಗೆ ಮೊದಲು ಕಂಡದ್ದು ಒಂದು ಮೊಳೆ; ಮೊಳೆಯ ಕೆಳಗೆ ಮೂರಡಿ ಎತ್ತರದಷ್ಟು, ಗಡಿಯಾರದ ಆಕಾರದಲ್ಲಿಯೇ, ಮಾಸದೆ ಉಳಿದಿದ್ದ ಬಿಳಿಯ ಸುಣ್ಣ. ಅನಂತರ ಮಂಚ ಕಂಡಿತು. ಆ ಮನೆಯ ಮುಂಬಾಗಿಲು ದರ್ಜಿ ಬೀದಿಗೆ, ಹಿಂಬಾಗಿಲು ಗೋದಾಮು ಬೀದಿಗೆ ಎಂಬುದನ್ನು ಇಷ್ಟು ವರ್ಷ ಮುಂಬಾಗಿಲಿನಿಂದಲೇ ಹೋಗಿ ಬಂದ ಹದ್ದಣ್ಣನು ಅಂದು ಕಲಿತನು.

"ಐದಕ್ಕೆ ಎರಡು ನಿಮಿಷ ಇದೆ. ಪರವಾಗಿಲ್ಲ" ಎಂದರು ಮೇಷ್ಟ್ರು. ಅವರ ಕೈಯಲ್ಲಿ ನರ್ಸಮ್ಮನ ಫೋನು. "ಶೇಷ ಸೊನ್ನೆ ಅಂದ್ರೆ ನಾನೇ ಕಣೋ. ಭಾಗಾಕಾರ ಸರಿ ಬಂದಾಗ ಬೋರ್ಡಿನ ಮೇಲೆ ಬರೀತಿದ್ದೆ. ನಿನಗೆ ಒಂದು ಸಲಾನೂ ಬರ್ಲಿಲ್ಲ, ಅದಕ್ಕೇ ಮರೆತಿದೀಯ."

"ಮೇಷ್ಟ್ರೇ... ನಿಮ್ಮ ಗಡಿಯಾರನೇ ನೀವು..."

"ಭಾನುವಾರ ಇವಳು ಫೋನಿನಲ್ಲಿ ಹಳೇ ಪಾತ್ರೆ ನೋಡ್ತಾ ಕೂತಿದ್ಲು. ನೀನು ಹಾಕಿದ್ದ ಈ ಫೋಟೋ ತೋರಿಸಿದ್ಲು. ಗಡಿಯಾರದ ಗಾಜಿನಲ್ಲಿ ನೋಡು, ನನ್ನ ಎರಡು ಪಾದ ಕಾಣ್ತಿದೆ. ಹೆಬ್ಬೆರಳು ಅಲ್ಲಾಡಿ ಮಸುಕಾಗಿದೆ. ದಿವಂಗತರ ಹೆಬ್ಬೆರಳು ಅಲ್ಲಾಡುತ್ತೇನೋ?"

ಹದ್ದಣ್ಣನು ಗಡಿಯಾರವನ್ನು ನೆಲಕ್ಕಿಳಿಸಿದನು. "ತಪ್ಪಾಯ್ತು. ಹಣ ಕೊಟ್ಬಿಡಿ ಮೇಷ್ಟ್ರೇ. ಗಡಿಯಾರ ಮತ್ತೆ ಮೊಳೆಗೆ ಹಾಕಿ ಹೋಗ್ತೀನಿ. ಹೆಂಡತಿ ಹೊಲಿಗೆ ಯಂತ್ರ ಅಡ ಇದೆ."

"ಯಾವ ಹಣ? ವಸ್ತು ನೋಡಿದ ಮೇಲೆ ಹಣ ಅಂತ ಅಲ್ವಾ? ನೋಡಿದೆ. ವಿವರಣೆಯಲ್ಲಿ 'ದಿವಂಗತರ ಮನೆಯಿಂದ' ಅಂತಿದೆ. ಈ ಮನೆಯಲ್ಲಿ ದಿವಂಗತರು ಯಾರೂ ಇಲ್ಲ. ವಸ್ತು ವಿವರಣೆಗೆ ತಕ್ಕಂತಿಲ್ಲ." ಮೇಷ್ಟ್ರು ಫೋನಿನ ಮೇಲೆ ಬೆರಳೊತ್ತಿದರು. ಹದ್ದಣ್ಣನ ಜೇಬಿನಲ್ಲಿ ಅವನ ಫೋನು ಒಮ್ಮೆ ಸದ್ದು ಮಾಡಿತು. ಮೂರನೆಯ ದೂರು ಬಂದಿತ್ತು.

"ಹಾಗಾದ್ರೆ ಬೆಳಿಗ್ಗೆ ಕೊಟ್ಟ ಹದಿನೈದು ಸಾವಿರ..."

"ಅದು ಬೇರೆ ಲೆಕ್ಕ. ನೀನು ಕೊಂಡೆ, ನಾನು ಮಾರಿದೆ. ಎರಡು ಲೆಕ್ಕ ಕಲಸಬೇಡ ಅಂತ ಆರನೇ ತರಗತಿಯಲ್ಲೇ ಹೇಳಿದ್ದೆ." ಅವರು ನರ್ಸಮ್ಮನನ್ನು ತೋರಿಸಿದರು. "ಇವಳಿಗೆ ಐದು ತಿಂಗಳಿಂದ ಸಂಬಳ ಕೊಟ್ಟಿರಲಿಲ್ಲ. ತಿಂಗಳಿಗೆ ಮೂರು ಸಾವಿರ. ಋಣ ಇಟ್ಕೊಂಡು ಸಾಯೋಕೆ ಆಗ್ತಿರಲಿಲ್ಲ, ಅದಕ್ಕೇ ಬದುಕಿದ್ದೆ. ಇವತ್ತು ತೀರ್ತು."

ನರ್ಸಮ್ಮ ಗೋಡೆಯ ಬಿಳಿಯ ಸುಣ್ಣವನ್ನು ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಮುಂಬಾಗಿಲು ತೆರೆದುಕೊಂಡು ಹಾರ, ಟೋಪಿ ಮತ್ತು ಅರ್ಧ ಗಡ್ಡ ಒಳಗೆ ಬಂದವು. ಮಂಚದ ಮೇಲೆ ಕುಳಿತಿದ್ದ ಮೇಷ್ಟ್ರನ್ನು ಕಂಡು ಎಲ್ಲರೂ ಕಲ್ಲಾದರು.

"ಎಷ್ಟು ಕೂಡಿದೆ?" ಎಂದು ಕೇಳಿದರು ಮೇಷ್ಟ್ರು.

"ಎರಡು ಸಾವಿರದ ಮುನ್ನೂರು, ಸಾರ್" ಎಂದನು ಕ್ಷೌರದಂಗಡಿಯವನು, ಶಾಲೆಯಲ್ಲಿ ಎದ್ದು ನಿಂತವನಂತೆ.

"ಹಾಗೇ ಇಟ್ಟಿರಿ. ಬಹಳ ದಿನ ಕಾಯಿಸಲ್ಲ."

ಏಳಕ್ಕೆ ಹತ್ತು ನಿಮಿಷವಿರುವಾಗ ಹದ್ದಣ್ಣನು ಗಡಿಯಾರವನ್ನು ಗುಜರಿ ಅಂಗಡಿಯ ಕಟ್ಟೆಯ ಮೇಲಿಟ್ಟು, ಇದನ್ನಿಟ್ಟುಕೊಂಡು ಯಂತ್ರ ಕೊಡು ಎಂದು ಬೇಡಿದನು.

"ಯಾರದು?"

"ಮೇಷ್ಟ್ರದು."

"ಬದುಕಿದಾರಾ?"

"ಬದುಕಿದಾರೆ."

"ಹಂಗಾದ್ರೆ ಒಂಬೈನೂರು" ಎಂದನು ಗುಜರಿಯವನು. ಹದ್ದಣ್ಣನ ಮುಖ ನೋಡಿ ಅವನಿಗೂ ಸ್ವಲ್ಪ ಕನಿಕರ ಹುಟ್ಟಿತು. "ಹೋಗಲಿ, ಯಂತ್ರ ಮಾರಲ್ಲ. ಶನಿವಾರದ ತನಕ ಇಡ್ತೀನಿ. ದಿನಕ್ಕೆ ಐನೂರು ಸೇರಿಸಿ ತಾ."

ನಾಲ್ಕು ದಿನಕ್ಕೆ ಎರಡು ಸಾವಿರ. ಹದಿನಾರಕ್ಕೆ ಎರಡು ಕೂಡಿದರೆ ಹದಿನೆಂಟು ಸಾವಿರ. ಗಡಿಯಾರಕ್ಕೆ ಅವನೇ ಬರೆದಿದ್ದ ಬೆಲೆಯೂ ಅಷ್ಟೇ.

ಮನೆಯಲ್ಲಿ ವಸ್ತುಗಳು ಇನ್ನೂರ ಹದಿನೆಂಟಾದವು. ಯಂತ್ರವಿದ್ದ ಜಾಗದಲ್ಲಿ ಗಡಿಯಾರ ಸರಿಯಾಗಿ ಕುಳಿತಿತು. ಹೆಂಡತಿ ಅದನ್ನು ನೋಡಿದಳು, ಅವನನ್ನು ನೋಡಿದಳು. ಮೊದಲೇ ತಿಳಿದಿದ್ದವಳಂತೆ ಅವಳು ಕೈಸೂಜಿಯಿಂದ ಹದಿಮೂರನೆಯ ಅಂಗಿಯ ತೋಳು ಹೊಲಿಯುತ್ತಿದ್ದಳು. ಇನ್ನೊಂದು ಸೂಜಿಗೆ ದಾರ ಪೋಣಿಸಿ ಅವನ ಕೈಗೆ ಕೊಟ್ಟಳು.

"ಕೂತ್ಕೊಳ್ಳಿ. ಅಂಗಿಗೆ ಆರು ಗುಂಡಿ."

ಇಪ್ಪತ್ತೆಂಟು ಅಂಗಿಗೆ ನೂರ ಅರವತ್ತೆಂಟು. ಹದ್ದಣ್ಣನು ಬೆರಳಿಗೆ ಮೂರು ಬಾರಿ ಚುಚ್ಚಿಕೊಂಡು ಮೊದಲನೆಯ ಗುಂಡಿಯ ಗಂಟು ಹಾಕುವ ಹೊತ್ತಿಗೆ, ಬೀದಿಯುದ್ದಕ್ಕೂ ಸುಳ್ಳು ಹೊಡೆದಿದ್ದ ಗಡಿಯಾರವು ಸರಿಯಾಗಿ ಎಂಟು ಹೊಡೆಯಿತು.

ಬಾಕಿ ನೂರ ಅರವತ್ತೇಳು.