ಹಿಂದ ಅಗಲ ಮಷಿನ್ ಬರಾಕತ್ತೈತಿ

ಇಂಥವು ಒಮ್ಮೆ ಆಗಿದ್ರ ನಾನೂ ನಕ್ಕು ಸುಮ್ನಾಗ್ತಿದ್ದೆ. ಸುಗ್ಗಿ ಸುಗ್ಗಿಗೂ ಆಗಾಕ ಹತ್ತಿದ್ರ ನಗಾಕೂ ಬ್ಯಾಸರ ಬರ್ತೈತಿ ನೋಡ್ರಿ.

ತೊಂಬತ್ತರ ದಶಕದ ಮಾತು. ಸಿಂಧನೂರಿನ ನಮ್ಮ ಸಾವ್ಕಾರ್ರು ಭತ್ತ ಕೊಯ್ಯೋ ದೊಡ್ಡ ಮಷಿನ್ ತಂದ್ರು. ಅದರ ಬಾಯಿ ಹದಿನಾಲ್ಕು ಫೂಟು ಅಗಲ. ಅದು ರೋಡಿಗಿಳಿದ್ರ ಎದುರಿಗೆ ಸೈಕಲ್ ಸೈತ ಹಾಯಂಗಿಲ್ಲ. ಅದಕ್ಕ ನಾನು ಜೀಪ್ ತಗೊಂಡು ಮುಂದ ಹೋಗೋದು, ಎದುರಿಗೆ ಬರೋರನ್ನ ಬಾಜೂಕ ಸರಿಸೋದು. ಜೀಪಿನ ಮುಂದ ಎರಡು ಕೊಂಡಿ, ಒಂದು ತಗಡಿನ ಬೋರ್ಡು. ಮಷಿನ್ ಹಿಂದ ಇದ್ದಾಗ ಸಿಗಿಸೋದು, ಇಲ್ಲದಾಗ ಬಿಚ್ಚೋದು. ಕಂಡೋರೆಲ್ಲಾ ಕೇಳೋದು ಒಂದೇ, "ಎಷ್ಟು ಅಗಲ ಐತೋ?" ನಾ ಹೇಳೋದು ಒಂದೇ, "ಹದಿನಾಲ್ಕು ಫೂಟು." ಇಷ್ಟೇ ಕೆಲಸ. ಇಷ್ಟರಾಗ ನನ್ನ ಅರ್ಧ ತಲಿ ಬೆಳ್ಳಗಾತು.

೧. ಪೇಂಟರನ ಭಕ್ತಿ

ಬೋರ್ಡು ಬರಿಯಾಕ ಅಂಗಡಿ ಹೆಸರು ಬರಿಯೋ ಪೇಂಟರಗ ಕೊಟ್ಟಿದ್ವಿ. ಮೂರು ದಿನ "ನಾಳಿ ಬಾ" ಅಂದು ನಾಕನೇ ದಿನ ಕೊಟ್ಟ. ಮ್ಯಾಲ ಶ್ರೀ ಅಮರೇಶ್ವರ ಪ್ರಸನ್ನ, ಎರಡು ಕಡೆ ಎರಡು ಕಮಲ. ಅದರ ಕೆಳಗ ಸಾವ್ಕಾರ್ರ ಹೆಸರು, ಅವರಪ್ಪನ ಹೆಸರು, ಊರು. ತೀರಾ ಮೂಲಿಯಾಗ ಇರುವಿ ಸಾಲಿನಂಗ ನಮ್ಮ ಮಷಿನ್ ಸುದ್ದಿ.

"ಯಪ್ಪಾ, ಇದನ್ನ ಓದಬೇಕಂದ್ರ ಎದುರಿನಾವ ಬಂದು ನನ್ನ ಬಾನೆಟ್ ಮ್ಯಾಲ ಕುಂದ್ರಬೇಕು" ಅಂದೆ.

"ದೇವರ ಹೆಸರು ಕೆಳಗ ಬರಿಯಾಕ ಬರ್ತೈತೇನು? ಸಾವ್ಕಾರ್ರ ಹೆಸರು ಸಣ್ಣದು ಮಾಡಾಕ ಬರ್ತೈತೇನು? ಉಳಿದ ಜಾಗಾದಾಗ ನಿನ್ನ ಮಷಿನ್" ಅಂದ ಪೇಂಟರ್.

ಮೊದಲ ದಿನಾನೇ ಎದುರಿಗೆ ಬಂದ ಮುದುಕ ಚಕ್ಕಡಿ ನಿಲ್ಲಿಸಿ ಇಳಿದ, ಚಪ್ಪಲಿ ಬಿಟ್ಟ, ನಡು ರೋಡಿನಾಗ ನಿಂತು ಬೋರ್ಡಿಗೆ ಕೈ ಮುಗಿದ. ಹಿಂದ ಮಷಿನ್ ಹಾರ್ನ್ ಹೊಡಿಯಾಕತ್ತೈತಿ, ಇವ ಕಣ್ಣು ತೆರಿಯವಲ್ಲ.

ಕಡೀಕ ಸಾವ್ಕಾರ್ರ ಮಗಳೇ, ಕಾಲೇಜಿಗೆ ಹೋಗಾಕಿ, ಬೋರ್ಡಿಗೆಲ್ಲಾ ಕರಿ ಬಣ್ಣ ಬಳದು ಬಿಳೀ ಅಕ್ಷರದಾಗ ದೊಡ್ಡದಾಗಿ ಬರದ್ಲು: "ಹಿಂದೆ ಅಗಲ ಮಷಿನ್ ಬರುತ್ತಿದೆ. ದಾರಿ ಬಿಡಿ." ಬರದು ನನ್ನ ಕೈಯಾಗಿಟ್ಟು, "ಕಾಕಾ, ದಾರಿ ಬೇಕಾದಾಗ ದೇವರನ್ನ ಮುಂದ ಮಾಡಬಾರದು, ಬಾಯಿ ಬಿಟ್ಟು ಕೇಳಬೇಕು" ಅಂದ್ಲು.

೨. ಬಾರದ ಮಷಿನ್

ಮಸ್ಕಿ ಕಡೆ ಒಂದು ಗದ್ದಿಯಾಗ ಮಷಿನ್ ಬೆಲ್ಟ್ ಹರೀತು. ಹೊಸಾದು ತರಾಕ ನಾನೊಬ್ಬನೇ ಲಿಂಗಸುಗೂರಿಗೆ ಜೀಪ್ ಬಿಟ್ಟೆ. ಆ ದಿನ ಮಂದಿ ಏನು ಮರ್ಯಾದಿ ಅಂತೀರಿ! ಲಾರಿ ಬಾಜೂಕ ಸರೀತು, ಚಕ್ಕಡಿ ಹೊಲಕ್ಕಿಳೀತು, ಒಂದು ಬಸ್ಸಂತೂ ಜಾಲಿ ಗಿಡಕ್ಕ ಒರಗಿ ನಿಂತಿತು. ನಮ್ಮ ಕಡೆ ಮಂದಿ ಸುಧಾರಿಸ್ಯಾರ ಅಂದ್ಕೊಂಡೆ.

ಬೆಲ್ಟ್ ತಗೊಂಡು ಹೊಳ್ಳಿ ಬಂದ್ರ ಬಸ್ಸು ಅಲ್ಲೇ ಐತಿ. ಗಾಲಿ ಮಣ್ಣಾಗ ಹುಗದೈತಿ, ಮಂದಿ ನೆಳ್ಳಿಗೆ ಕುಂತಾರ. ಡ್ರೈವರ್ ಟವಲ್ ಕೊಡವಿ ಎದ್ದು ಬಂದ. "ಎಲ್ಲೈತಲೇ ನಿನ್ನ ಮಷಿನ್?"

ಆಗ ನೋಡ್ಕೊಂಡೆ, ಬೋರ್ಡು ಬಿಚ್ಚಿಲ್ಲ. "ಮಸ್ಕಿ ಗದ್ದಿಯಾಗ ಕೆಟ್ಟು ನಿಂತೈತ್ರಿ" ಅಂದೆ.

ಅವ ಬೈದ ಬೈಗುಳ ಇಲ್ಲಿ ಬರಿಯಾಕ ಬರಂಗಿಲ್ಲ. ಅವನಕಿಂತ ನೆಳ್ಳಿಗೆ ಕುಂತಿದ್ದ ಒಬ್ಬ ಮುದುಕಿ ಮಾತೇ ನನಗ ಚುಚ್ಚಿತು: "ಬಸ್ಸಂತೂ ಹೋಗಂಗಿಲ್ಲ, ಮಷಿನ್ನಾದ್ರೂ ನೋಡಿ ಹೋಗೋಣಂತ ಕುಂತಿದ್ನೆಪಾ. ಅದೂ ಇಲ್ಲೇನು?"

ಸುದ್ದಿ ಸಾವ್ಕಾರ್ರಿಗೆ ಮುಟ್ಟಿತು. "ಈ ಬೋರ್ಡಿನ ಸಲುವಾಗಿ ಇನ್ನೊಂದ್ಸಲ ತಕರಾರು ಬಂತಂದ್ರ, ಜೀಪಿನ ಚಾವಿ ಕಟ್ಟಿ ಮ್ಯಾಲ ಇಟ್ಟು ಮನಿಗೆ ನಡಿ" ಅಂದ್ರು. ನನ್ನ ಮನಿಯಾಗ ಉಣ್ಣೋ ಬಾಯಿ ಆರು. ಅವತ್ತಿಂದ ಆ ತಗಡು ಕಂಡ್ರ ನನಗ ಹೆದರಿಕಿ.

೩. ಅಳತಿ

ಪಾಮನಕಲ್ಲೂರು ಹತ್ರ ಬೋರ್ಡು ಬಿಚ್ಚಿ, ಗಿಡಕ್ಕ ಆನಿಸಿ, ಬುತ್ತಿ ಬಿಚ್ಚಿದೆ. ಉಂಡು ಕೈ ತೊಳಕೊಂಡು ನೋಡ್ತೀನಿ, ಬೋರ್ಡಿಲ್ಲ. ಹೋತು ನನ್ನ ನೌಕರಿ ಅಂತ ಜೀಪ್ ಓಡಿಸಿದೆ. ಮೈಲಿ ದೂರದಾಗ ಒಂದು ಕುರಿ ಹಿಂಡು ದಾಟಿ ಮುಂದ ಹೋದ್ರ ಒಂದು ಕತ್ತೆ. ಕುತ್ತಿಗಿಗೆ ನಮ್ಮ ಬೋರ್ಡು. ಹಿಂದ ರೋಡ್ ತುಂಬ ಕುರಿ, ಬಾಜೂಕ ಕಂಬಳಿ ಹೊತ್ತ ಕುರಿಗಾರ ಮುದುಕ. ಎದುರಿನ ಬಸ್ಸು, ಲಾರಿ ಎಲ್ಲಾ ಸಾಲಾಗಿ ಕೆಳಗಿಳಿದು ನಿಂತಾವು.

"ಯಜ್ಜಾ, ಅದು ಮಷಿನ್ ಬೋರ್ಡು. ನಿನಗ ಓದಾಕ ಬರ್ತೈತೇನು?"

"ನನಗ್ಯಾಕ ಬರಬೇಕು? ಬಸ್ಸಿನವಗ ಬಂದ್ರ ಸಾಕಲ್ಲ."

"ನಮ್ಮದು ಹದಿನಾಲ್ಕು ಫೂಟು ಅಗಲ ಐತಿ, ಅದಕ್ಕ ಬೋರ್ಡು!"

ಮುದುಕ ಹೊಳ್ಳಿ ತನ್ನ ಕುರಿ ನೋಡಿದ, ನನ್ನ ನೋಡಿದ. "ನಿಂದರಕಿಂತ ನಂದು ಸಣ್ಣದೇನು? ಬಾ, ಅಳಿ."

೪. ಪೌಳಿ

ಸಾವ್ಕಾರ್ರ ಮಗಳಿಗೆ ಒಂದು ಗಂಡಿನ ಸುದ್ದಿ ಬಂದು, ಲಿಂಗಸುಗೂರಿನ ಆಚಿ ಒಂದು ಊರಿಗೆ ವರನ ಮನಿ ನೋಡಾಕ ಹೊಂಟ್ವಿ. ಸಾವ್ಕಾರ್ರು, ಅವರ ಹೆಂಡತಿ, ನಾನು. ಹೊರಡೋದು ತಡ ಆತು. ರಾಹುಕಾಲ ಹತ್ತೋದ್ರೊಳಗ ಆ ಮನಿ ಹೊಸ್ತಿಲ ದಾಟಬೇಕು. ರೋಡ್ ತುಂಬ ಗಾಡಿ.

"ಬೋರ್ಡು ಸಿಗಸಲೇ" ಅಂದ್ರು ಸಾವ್ಕಾರ್ರು.

"ಹಿಂದ ಮಷಿನ್ ಇಲ್ರೀ..."

"ಮಂದಿಗೇನು ಗೊತ್ತು? ಸಿಗಸು!"

ಸಿಗಿಸಿದೆ. ರೋಡ್ ಖಾಲಿ ಆತು. ಹತ್ತು ನಿಮಿಷ ಮೊದಲೇ ಮುಟ್ಟಿದ್ವಿ. ಅವರಿಬ್ಬರೂ ಕಾಲು ತೊಳಕೊಂಡು ಒಳಗ ಹೋದ್ರು. ಹಾಕು ಅಂದೋರು ತೆಗಿ ಅನಲಿಲ್ಲ, ನಾನೂ ದಣದಿದ್ದೆ, ಸೀಟಿಗೆ ಒರಗಿ ಕಣ್ಣು ಮುಚ್ಚಿದೆ.

ವರನ ಅಪ್ಪ ಬಂದು ಬೋರ್ಡು ಓದಿ, ಕಿವಿ ಹತ್ರ ಬಾಗಿ, "ಎಷ್ಟು ಅಗಲ ಐತಿ?" ಅಂದ. ನಾ ನಿದ್ದಿಗಣ್ಣಿನಾಗೇ ಅಂದೆ, "ಹದಿನಾಲ್ಕು ಫೂಟು."

ಧಡ್ ಧಡ್ ಸಪ್ಪಳಕ್ಕ ಎಚ್ಚರಾತು. ನಾಕು ಮಂದಿ ಮನಿ ಮುಂದಿನ ಕಲ್ಲಿನ ಪೌಳಿ ಗ್ವಾಡಿ ಕೆಡವಾಕತ್ತಾರ. ಜಾಗಾ ಬೇಕಂತ ಎಮ್ಮಿ ಬಾಜೂ ಮನಿಗೆ ಹೋಗ್ಯಾವು. ವರನ ಅಪ್ಪ ಹಗ್ಗ ಹಿಡಿದು ಅಳಿಯಾಕತ್ತಾನ.

"ಏನ್ರಿ ಇದು?"

"ಬೀಗರು ಮಷಿನ್ ಕೊಡಾಕತ್ತಾರಲ್ಲಪಾ, ಒಳಗ ಹೆಂಗ ತರೋದು?"

ನೋಡ್ತೀನಿ, ಬೋರ್ಡು ಇನ್ನೂ ಜೀಪಿನ ಮುಂದೇ ಐತಿ. ಆ ಮನಿ ಹೊಲದಾಗ ಬೆಳಿಯೋದು ಜ್ವಾಳ, ತೊಗರಿ. ಒಂದು ಹಿಡಿ ಭತ್ತ ಇಲ್ಲ, ಆದ್ರೂ ಹದಿನಾಲ್ಕು ಫೂಟು ಪೌಳಿ ಬಿದ್ದೈತಿ. ಅಷ್ಟರಾಗ ಸಾವ್ಕಾರ್ರು ಎಲಿ ಅಡಕಿ ಹಾಕ್ಕೊಂಡು ನಕ್ಕೋತ ಹೊರಗ ಬಂದ್ರು. ಪೌಳಿ ನೋಡಿದ್ರು, ಬೋರ್ಡು ನೋಡಿದ್ರು, ನನ್ನ ನೋಡಿದ್ರು. ನಾನು ಚಾವಿ ತೆಗದು ಮುಂದ ಹಿಡಿದೆ.

"ಇಟ್ಕೊ" ಅಂದ್ರು ಸಣ್ಣ ದನಿಯಾಗ. ಬೋರ್ಡು ಸಿಗಸು ಅಂದೋರು ತಾವೇ ಅಲ್ಲೇನು! ಬೀಗರ ಕಡೆ ತಿರುಗಿ, "ಮಷಿನ್ ಇಲ್ರೀ. ಮಗಳನ್ನಷ್ಟೇ ಕೊಡೋದು" ಅಂದ್ರು.

ವರನ ಅಪ್ಪ ಬಿದ್ದ ಪೌಳಿ ನೋಡಿ, "ಮೊದಲೇ ಹೇಳಬಾರದೇನ್ರಿ? ಆಕಿ ಒಬ್ಬಾಕಿಗೆ ಸಣ್ಣ ಬಾಗಿಲ ಸಾಕಿತ್ತಲ್ಲ!" ಅಂದ.

ಅದಕ್ಕ ವರ ಹೊಟ್ಟಿ ಹಿಡಕೊಂಡು ನಕ್ಕ, ಅಂಗಿ ತೋಳು ಏರಿಸಿ ತಾನೇ ಕಲ್ಲು ಹೊಂದಿಸಾಕ ಕುಂತ. ಅದನ್ನ ನೋಡಿ ಸಾವ್ಕಾರ್ರ ಹೆಂಡತಿ, "ಹುಡುಗ ಬಂಗಾರದಂಥಾವ" ಅಂದ್ರು. ಸಂಬಂಧ ಕುದುರಿತು. ನನ್ನ ನೌಕರಿನೂ ಉಳೀತು.

ಲಗ್ನ ಆಗಿ ಮದುಮಕ್ಕಳನ್ನ ಆ ಮನಿಗೆ ಕರಕೊಂಡು ಹೋಗೋ ಪಾಳಿ ನಂದೇ. ಊರು ಹತ್ರ ಬಂದಾಗ ಮದುಮಗಳು, "ಕಾಕಾ, ಬೋರ್ಡು ಸಿಗಸು" ಅಂದ್ಲು.

"ಬ್ಯಾಡಬೇ ತಂಗೆವ್ವ, ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ."

"ಬರದಾಕಿ ನಾನು. ಸಿಗಸು."

ಮದುಮಗ ಬಾಯಿ ಮುಚ್ಕೊಂಡು ನಗಾಕತ್ತಿದ್ದ. ಸಿಗಿಸಿದೆ. ಮನಿ ಮುಂದ ಜೀಪ್ ನಿಂತಿದ್ದೇ ತಡ, ಮಾವ ಬೋರ್ಡು ಓದಿ, ಹೊಸ ಪೌಳಿಗೆ ಎರಡೂ ಕೈ ಹಚ್ಚಿ ಅಡ್ಡ ನಿಂತ. "ಈಗ ಮತ್ತೇನು ಬರಾಕತ್ತೈತಿ?"

ಆಕಿ ಸೆರಗು ಸರಿ ಮಾಡ್ಕೊಂಡು ಕೆಳಗಿಳಿದ್ಲು. "ನಾನೇ ಬಂದೀನ್ರಿ ಮಾವಾ. ದಾರಿ ಬಿಡ್ರಿ."