ಅಟ್ಟಕ್ಕೆ ಹೋಗುವ ಕಾಯಿ, ತಲೆಗೆ ಹೋಗುವ ಸುದ್ದಿ

ಪಾಠ ಹೇಳಿ ಬದುಕುವವರಿಗೆಲ್ಲ ಒಂದು ರೋಗವಿದೆ: ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ನನಗೆ ಅದು ತುಸು ಜಾಸ್ತಿಯೇ. ಎಪ್ಪತ್ತರ ದಶಕದಲ್ಲಿ ತುರುವೇಕೆರೆ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಅಲ್ಲಿ ನನ್ನ ಮಾತಿಗೆ ಬೆಲೆಯಿತ್ತು, ಹಾಲ್ಕುರಿಕೆಯ ಮಾವನ ಮನೆಯಲ್ಲಿ ಇರಲಿಲ್ಲ. ಹೋದೊಡನೆ ಕುರ್ಚಿ ಹಾಕಿಸಿ, "ಅಳೀಂದ್ರೇ, ನೀವ್ ಸುಮ್ಕೆ ಕುಂತ್ಕಳಿ, ಇದು ನಿಮ್ ಕೈಲಾಗೋ ಕೆಲ್ಸ ಅಲ್ಲ" ಎನ್ನುವರು. ಇದು ಮರ್ಯಾದೆಯೋ ಅವಮಾನವೋ, ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ತಿಳಿದಿರಲಿಲ್ಲ. ಹೆಂಡತಿಯ ಕಣ್ಣೆದುರು ಒಂದು ದಿನವಾದರೂ ಕೆಲಸಕ್ಕೆ ಬರುವ ಗಂಡಸು ಅನ್ನಿಸಿಕೊಳ್ಳಬೇಕೆಂಬ ಆಸೆ ಮಾತ್ರ ಬಲವಾಗಿತ್ತು.

ಅಟ್ಟಕ್ಕೆ ಕಾಯಿ ತುಂಬುವ ದಿನ ಅವಕಾಶ ಸಿಕ್ಕಿತು. ವರ್ಷವಿಡೀ ಅಟ್ಟದಲ್ಲಿ ಒಣಗಿ ಕೊಬ್ಬರಿಯಾಗಬೇಕಾದ ತೆಂಗಿನಕಾಯಿ. ಅಂಗಳದ ರಾಶಿಯಿಂದ ಅಟ್ಟದ ಏಣಿಯವರೆಗೆ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ, ಇಂದು ನಮಗೆ ನಾಳೆ ನಿಮಗೆ ಎಂಬ ಲೆಕ್ಕದಲ್ಲಿ, ಬಂದು ಸಾಲು ನಿಂತು, ಒಬ್ಬರಿಂದೊಬ್ಬರಿಗೆ ಎಸೆಯುತ್ತಾರೆ. ಅಂದು ಒಬ್ಬಾಳು ಕಡಿಮೆ. ಪಂಚೆ ಎತ್ತಿ ಕಟ್ಟಿ ನಡುವೆ ನಿಂತೇಬಿಟ್ಟೆ. ಮಾವ ಬೇಡವೆನ್ನಲಾಗದೆ, "ಹಿಡೀರಿ, ಎಸೀರಿ, ಆವಾಗಿಂದಾವಾಗ್ಲೇ ಹಿಂದುಕ್ ತಿರುಗ್ರಿ. ಹಿಂದಿನೋನು ನಿಮ್ ಮುಖ ನೋಡ್ಕಂಡು ಎಸೆಯಾಕಿಲ್ಲ" ಎಂದರು.

ಇಪ್ಪತ್ತು ಕಾಯಿ ದಾಟಿಸುವಷ್ಟರಲ್ಲಿ ಹೊಳೆದುಬಿಟ್ಟಿತು: ಅಯ್ಯೋ, ಇದೇ ಅಲ್ಲವೇ ನರಮಂಡಲ! ಮುಂದೆ ನಿಂತಿದ್ದ ಪಕ್ಕದ ಮನೆಯ ಕೆಂಚಣ್ಣನಿಗೆ ಹೇಳದಿದ್ದರೆ ಹೊಟ್ಟೆ ಉಬ್ಬಿಹೋಗುತ್ತಿತ್ತು.

"ನೋಡು ಕೆಂಚಣ್ಣ, ನಮ್ಮ ಮೈಯೊಳಗೂ ನರಕೋಶಗಳು ಹಿಂಗೇ ಸಾಲು ನಿಂತವೆ. ಒಂದು ಇನ್ನೊಂದನ್ನ ಮುಟ್ಟೋದಿಲ್ಲ, ನಡುವೆ ಒಂಚೂರು ಸಂದು. ಸುದ್ದಿ ಕೋಶದುದ್ದಕ್ಕೂ ಕರೆಂಟಾಗಿ ಓಡ್ತದೆ, ಸಂದು ಬಂದಾಗ ಒಂದು ರಸ ಚಿಮ್ಮಿ ಆಚೆಯವನಿಗೆ ಮುಟ್ಟಿಸ್ತದೆ. ಹಿಂದಕ್ಕೆ ಬರೋ ಮಾತೇ ಇಲ್ಲ."

"ಹಂಗಾರೆ, ಆಚೆಯೋನು ಮೈಮರ್ತು ನಿಂತಿದ್ರೆ?" ಅಂದ ಕೆಂಚಣ್ಣ.

ಎಂಥ ಒಳ್ಳೆಯ ಪ್ರಶ್ನೆ! ನನ್ನ ಹುಡುಗರು ಒಬ್ಬರೂ ಕೇಳಿರಲಿಲ್ಲ. ಸಂತೋಷದಿಂದ ಪೂರ್ತಿ ಅವನ ಕಡೆಗೇ ತಿರುಗಿ ನಿಂತೆ. ಹಿಂದಿನವನು ತನ್ನ ಪಾಡಿಗೆ ತಾನು ಎಸೆದ. ಸಿಪ್ಪೆ ಸಮೇತದ ಕಾಯಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಂದು ಕೂತಿತು. ಕಾಲು ಮೊದಲು ಎಗರಿತು, ನೋವು ಆಮೇಲೆ ತಿಳಿಯಿತು. ತಲೆಯನ್ನು ಕೇಳದೆ ಬೆನ್ನುಹುರಿಯೇ ಕಾಲಿಗೆ ಅಪ್ಪಣೆ ಕೊಡುತ್ತದೆಂದು ಹತ್ತು ಸಲ ಪಾಠ ಮಾಡಿದ್ದೇನೆ. ಆಗ ಮಾತ್ರ ಬಾಯಿಂದ ಬಂದದ್ದು "ಅಯ್ಯಯ್ಯಪ್ಪೋ!" ಒಂದೇ.

ಹೆಂಡತಿ ಓಡಿಬಂದು ಜಗಲಿಯ ಮೇಲೆ ಕೂರಿಸಿ, ತಣ್ಣೀರು ಬಟ್ಟೆ ಸುತ್ತುತ್ತಾ, "ಅಲ್ಲಾ ಕಣ್ರೀ, ಸ್ಕೂಲು ಇರೋದ್ಯಾಕೆ? ಅಲ್ಲೇ ಹೇಳ್ಬಾರ್ದಾ?" ಎಂದಳು. ಮುಖ ಎತ್ತಲಾರದಷ್ಟು ನಾಚಿಕೆ. ಆದರೂ, ನನ್ನ ಜಾಗಕ್ಕೆ ಬೇರೆಯವರು ಬರುವವರೆಗೆ ಕೆಲಸವಾದರೂ ನಿಂತಿರುತ್ತದಲ್ಲ ಎಂಬ ಸಣ್ಣ ಸಮಾಧಾನವಿತ್ತು. ಮೆಲ್ಲಗೆ ಕಣ್ಣೆತ್ತಿ ನೋಡಿದೆ. ಯಾರೂ ಬಂದಿರಲಿಲ್ಲ. ಕೆಂಚಣ್ಣ ಅರ್ಧ ಹೆಜ್ಜೆ ಹಿಂದೆ ಸರಿದಿದ್ದ, ಅಷ್ಟೇ. ಕಾಯಿ ಮುಂಚಿಗಿಂತ ಬೇಗ ಅಟ್ಟ ಸೇರುತ್ತಿತ್ತು.