ಎಂಟು ದಿನ ಬಿಸಿಲುಂಡ ಕ್ರೀಮು

ನಮ್ಮ ಮನೆಯಲ್ಲಿ ಯಾವ ವಸ್ತುವಿಗೆ ಏನೇ ಆಗಲಿ, ಔಷಧ ಒಂದೇ: ಬಿಸಿಲು. ಜೋಳಕ್ಕೆ ಹುಳ ಬಿದ್ದರೆ ಬಿಸಿಲು, ಗಾದಿ ನಾತ ಹೊಡೆದರೆ ಬಿಸಿಲು, ನೀರಿಗೆ ಬಿದ್ದ ಮೊಬೈಲಿಗೂ ಬಿಸಿಲು. ಮೊಬೈಲು ಬದುಕಲಿಲ್ಲ, ಅದು ಬಿಸಿಲಿನ ತಪ್ಪಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಶಾಲೆಯಲ್ಲಿ ಕಲಿತದ್ದು ಮರೆತುಹೋಗಿದೆ, ಬಿಸಿಲಲ್ಲಿ ಕಾಳು ಒಣಗಿಸುತ್ತ ಮಾಳಿಗೆಯ ಮೇಲೆ ಕಲಿತದ್ದು ಮರೆಯುತ್ತಿಲ್ಲ. ತೊಂದರೆ ಆದದ್ದು ಅದರಿಂದಲೇ.

ನನ್ನ ತಂಗಿ ಗಿರಿಜಾ ಆಶಾ ಕಾರ್ಯಕರ್ತೆ. ಹಳೇ ಹುಬ್ಬಳ್ಳಿಯ ಓಣಿ ಓಣಿ ಸುತ್ತಿ ಬಸುರಿ ಬಾಣಂತಿಯರನ್ನು ವಿಚಾರಿಸುವುದು ಅವಳ ಕೆಲಸ. ಹೋದ ವರ್ಷದಿಂದ ಅವಳಿಗೆ ಬಿಸಿಲು ಆಗಿಬರುತ್ತಿಲ್ಲ. ಸ್ವಲ್ಪ ಹೊತ್ತು ನಿಂತರೂ ಮುಖದ ತುಂಬ ದದ್ದು. ಡಾಕ್ಟರು ಸನ್‌ಸ್ಕ್ರೀನ್ ಬರೆದುಕೊಟ್ಟರು. ಅದಿದ್ದರೆ ಕೆಲಸ, ಇಲ್ಲದಿದ್ದರೆ ಮನೆ. ಒಂದು ಟ್ಯೂಬು ನಡೆದಿರುವಾಗ ಇನ್ನೊಂದನ್ನು ತಂದು ಕಪಾಟಿನಲ್ಲಿ ಇಟ್ಟಿರುತ್ತಾಳೆ. ಕಪಾಟು ಒರೆಸುವಾಗ ಅದು ಕೆಳಗೆ ಬಿದ್ದು ನನ್ನ ಕಾಲಡಿ ಒಡೆಯಿತು. ಚೆಲ್ಲಿದ ಕ್ರೀಮನ್ನೆಲ್ಲ ಬಳಿದು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ತುಂಬಿದೆ. ಕೆಡದಿರಲಿ ಎಂದು ಬಾಯಿಗೆ ತೆಳು ಬಟ್ಟೆ ಕಟ್ಟಿ ಎಂಟು ದಿನ ಮಾಳಿಗೆಯ ಮೇಲಿಟ್ಟೆ. ಬಿಸಿಲು ತಡೆಯಬೇಕಾದ ಪದಾರ್ಥ, ಮೊದಲೇ ಬಿಸಿಲು ಉಂಡರೆ ಇನ್ನಷ್ಟು ಗಟ್ಟಿಯಾದೀತು ಎಂದುಕೊಂಡೆ. ಮೇಲೆ ಎಣ್ಣೆ ತೇಲಿತು. ಉಪ್ಪಿನಕಾಯಿಯಲ್ಲಾದರೆ ಅದು ಹದ ಬಂದ ಗುರುತು. ಚಮಚದಿಂದ ತಿರುವಿ ಕೆಳಗೆ ತಂದೆ. ಟ್ಯೂಬು ಒಡೆದದ್ದನ್ನು ತಂಗಿಗೆ ಹೇಳಿದೆ, ಮಾಳಿಗೆಯ ಸುದ್ದಿ ಎತ್ತಲಿಲ್ಲ. ಹೆದರಿಕೆಯಿಂದಲ್ಲ, ಅವಳಿಗೆ ಅಚ್ಚರಿಯಾಗಲಿ ಎಂದು.

ಅಚ್ಚರಿಯಾಯಿತು. ಅದನ್ನು ಹಚ್ಚಿಕೊಂಡ ಎರಡನೆಯ ದಿನ ರೆಪ್ಪೆ ಊದಿ, ಕೆನ್ನೆ ಉರಿದು ಮನೆಗೆ ಬಂದಳು. ಬಂದವಳೇ ನನ್ನನ್ನೂ ಎಳೆದುಕೊಂಡು ಔಷಧದ ಅಂಗಡಿಗೆ ನಡೆದಳು. ಅಂಗಡಿಯ ತುಂಬ ಗಿರಾಕಿಗಳು.

“ಏನ್ರಿ ಅಣ್ಣಾರ, ಎಂಥಾ ಮಾಲು ಕೊಟ್ಟೀರಿ? ನನ್ನ ಮುಖ ನೋಡ್ರಿ! ಸುಣ್ಣಾ ಹಚ್ಕೊಂಡಿದ್ರ ಛಲೋ ಇತ್ತು!”

ಅಂಗಡಿಯವರು ಸಾಧು ಮನುಷ್ಯ. “ಸಿಟ್ಟಾಗಬ್ಯಾಡ್ರಿ ತಂಗಿ. ಇದರಾಗ ಕಣ್ಣಿಗೆ ಕಾಣದಂಥಾ ಕಣ ಇರ್ತಾವು. ಬಿಸಿಲಿನ ಚುಚ್ಚೋ ಕಿರಣ ಚರ್ಮಕ್ಕ ಮುಟ್ಟೋದ್ರೊಳಗ ಅವು ನುಂಗ್ತಾವು. ನುಂಗಿ, ಗಡಗಡ ಅಲುಗಾಡಿ, ಅದನ್ನ ಒಂದೀಟು ಕಾವು ಮಾಡಿ ಬಿಟ್ಟು, ಮತ್ತ ಮೊದಲಿನಂಗ ಕುಂತು ಮುಂದಿನ ಕಿರಣಕ್ಕ ತಯಾರ್. ಕಣ್ಣು ಮಿಟಕಿಸೋದ್ರಾಗ ಎಷ್ಟೋ ಸಲ ಇದು ಆಗಿರ್ತೈತಿ. ಆದ್ರ ನುಂಗಿ ನುಂಗಿ ಕೆಲವು ಒಡದು ಹೋಗ್ತಾವು. ಅದಕ್ಕ ಎರಡು ತಾಸಿಗೊಮ್ಮೆ ಮತ್ತ ಹಚ್ಚೋದು. ಕಾವಿಗೆ ಎಣ್ಣಿ ಬ್ಯಾರೆ ಆದ್ರಂತೂ ಮುಗೀತು. ಎಲ್ಲೆರ ಬಿಸಿಲಿಗೆ ಇಟ್ಟಿದ್ರೇನು?”

“ಬಿಸಿಲಿಗೆ? ನಮ್ಮಕ್ಕನ್ನ ಕೇಳ್ರಿ, ಕಪಾಟು ಬಿಟ್ಟು ಹೊರಗ ಬಂದಿಲ್ಲ!”

ಇಬ್ಬರೂ ನನ್ನ ಕಡೆ ನೋಡಿದರು. ತಂಗಿ ಹೇಳಿದ್ದೇ ಹೌದೆಂದು ನಾನು ಗೋಣು ಹಾಕಿದೆ. ಆ ಕಣಗಳನ್ನು ನೆನೆದು ಸಂಕಟವಾಯಿತು. ಕಾಯಲು ಕೆಳಗೊಂದು ಮುಖವೂ ಇಲ್ಲದೆ, ಎಂಟು ದಿನ ಬರೀ ಬಾಟಲಿ ಕಾಯುತ್ತ ದಣಿದು ಸತ್ತಿದ್ದವು. ಇನ್ನೂ ದೊಡ್ಡ ಸಂಕಟವೆಂದರೆ, ಆ ಮನುಷ್ಯ “ಕಂಪನಿದು ತಪ್ಪಿರಬೇಕು, ಕ್ಷಮಾ ಮಾಡ್ರಿ” ಎಂದು ಹೊಸ ಟ್ಯೂಬು ಕೈಗಿತ್ತರು.

ದಾರಿಯಲ್ಲಿ ಗಿರಿಜಾ, “ನನ್ನ ಓಣ್ಯಾಗಿನ ಬಸುರ್ಯಾರಿಗೆಲ್ಲಾ ಹೇಳ್ತೇನಿ, ಇವನ ಅಂಗಡಿ ಮೆಟ್ಟಲಾ ಹತ್ತಬ್ಯಾಡ್ರಿ ಅಂತ” ಎಂದಳು. ಅವಳು ಹೇಳಿದರೆ ಅಷ್ಟೂ ಓಣಿ ಕೇಳುತ್ತದೆ. ನಾನು ನಿಂತೆ. ಎಲ್ಲ ಹೇಳಿದೆ. ಅವಳು ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮುಖ ಮೊದಲೇ ಕೆಂಪಗಿದ್ದುದರಿಂದ ಸಿಟ್ಟು ಎಷ್ಟೆಂದು ತಿಳಿಯಲಿಲ್ಲ.

“ಅಷ್ಟು ಮಂದಿ ಮುಂದ ಅವರ ಮರ್ಯಾದಿ ಕಳದ್ನಲ್ಲಾ ನಾ! ನಡಿ ಹೊಳ್ಳಿ. ನಿನ್ನ ಬಾಯಿಲೇನ ಹೇಳು.”

ಹೊರಳಿ ಹೋಗಿ ಹೇಳಿದೆ, ಟ್ಯೂಬನ್ನೂ ಮುಂದಿಟ್ಟೆ. ಅಂಗಡಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಎಂಟು ದಿನಾ ಏನ್ರಿ ಅಕ್ಕಾರ?”

“ಹೂಂನ್ರಿ.”

“ಉಪ್ಪು ಹಾಕಿರಲಿಲ್ಲಲ್ಲಾ?”

“ಅಯ್ಯ, ನಗಸಬ್ಯಾಡ್ರಿ, ಉರೀತೈತಿ!” ಎಂದು ಗಿರಿಜಾ ಕೆನ್ನೆ ಹಿಡಿದುಕೊಂಡಳು. ನಾನು ಗಂಭೀರವಾಗಿ “ಇಲ್ರಿ” ಎಂದೆ.

ಹಾಕಿರಲಿಲ್ಲ, ನಿಜ. ಮೂರನೆಯ ದಿನ ಒಂದು ಚಿಟಿಕೆ ಹಿಡಿದುಕೊಂಡು ಮಾಳಿಗೆ ಹತ್ತಿದ್ದೆ. ಕೆಳಗೆ ಯಾರೋ ಕರೆದರೆಂದು ಇಳಿದುಬಂದೆ. ಇದನ್ನು ಮಾತ್ರ ಇಬ್ಬರಿಗೂ ಇನ್ನೂ ಹೇಳಿಲ್ಲ.